ಔಷಧಿ ಹೊಡೆಯದೆ ಹಿತ್ತಲಲ್ಲಿ ಸೇಬು ಬೆಳೆಯಬಹುದಾ? ರೋಗ ತಡೆಯುವ ತಳಿಗಳ ಕತೆ

(ಪಾಡ್‌ಕಾಸ್ಟ್‌ ಸಂಚಿಕೆಯ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ವಿಷಯ ಸೇಬು. ಕರ್ನಾಟಕದಲ್ಲಿ ಕೂತು ಸೇಬಿನ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇದೆ. ನಮಗೆ ಬರೋ ಪ್ರಶ್ನೆಗಳಲ್ಲಿ ಒಂದಷ್ಟು ಅಮೆರಿಕದಿಂದ ಬರುತ್ತವೆ. ನ್ಯೂಜೆರ್ಸಿ, ಒಹಾಯೊ, ಮಿಶಿಗನ್ ಕಡೆ ಮನೆ ಮಾಡಿಕೊಂಡಿರೋ ಕನ್ನಡದವರು ಹಿತ್ತಲಲ್ಲಿ ಎರಡೋ ಮೂರೋ ಸೇಬಿನ ಗಿಡ ನೆಟ್ಟಿರುತ್ತಾರೆ. ಅವರೆಲ್ಲರ ದೂರು ಹೆಚ್ಚುಕಡಿಮೆ ಒಂದೇ: “ಏಪ್ರಿಲ್‌ನಲ್ಲಿ ಹೂವು ಚೆನ್ನಾಗಿ ಬರುತ್ತೆ. ಜೂನ್ ಹೊತ್ತಿಗೆ ಎಲೆ ಮೇಲೆ ಕಪ್ಪು ಮಚ್ಚೆ. ಆಗಸ್ಟ್‌ನಲ್ಲಿ ಅರ್ಧ ಎಲೆ ಉದುರಿರುತ್ತೆ. ಅಂಗಡಿಯವರು ಔಷಧಿ ಹೊಡೀರಿ ಅಂತಾರೆ. ಮಕ್ಕಳು ಆಡೋ ಜಾಗ, ಹತ್ತು ದಿನಕ್ಕೊಂದು ಸಲ ಔಷಧಿ ಹೊಡೆಯೋಕೆ ಮನಸ್ಸಿಲ್ಲ. ಗಿಡ ಕಡಿದುಬಿಡಲಾ?”

ಕಡಿಯೋದು ಸುಲಭ. ಆದ್ರೆ ಸೇಬಿನ ಗಿಡ ಇಪ್ಪತ್ತು, ಮೂವತ್ತು ವರ್ಷ ನಿಲ್ಲೋ ಗಿಡ. ಹಾಗಾಗಿ ಕಡಿಯೋ ಮೊದಲು, ಮತ್ತೆ ಹೊಸದು ನೆಡೋ ಮೊದಲು, ತಿಳ್ಕೊಳ್ಳಬೇಕಾದ ಸಂಗತಿಗಳಿವೆ. ರೋಗ ತಡೆಯುವ ತಳಿ ಅಂದ್ರೆ ಏನು, ಅದು ಎಲ್ಲಿಂದ ಬಂತು, ಅದು ಏನು ಮಾಡುತ್ತೆ, ಏನು ಮಾಡಲ್ಲ. ಒಂದೊಂದಾಗಿ ನೋಡೋಣ.

ಕಪ್ಪು ಮಚ್ಚೆ ಎಲ್ಲಿಂದ ಬರುತ್ತೆ?

ಆ ಮಚ್ಚೆಯ ಹೆಸರು ಸ್ಕ್ಯಾಬ್. ಕನ್ನಡದಲ್ಲಿ ಕಜ್ಜಿ ರೋಗ ಅಂತ ಕರೆಯಬಹುದು, ಹಣ್ಣಿನ ಮೇಲೆ ಅದು ಕಾಣೋದೂ ಹಾಗೇ: ಒರಟು ಕಪ್ಪು ಕಲೆ, ಕೆಲವು ಸಲ ಸಿಪ್ಪೆ ಸೀಳಿರುತ್ತೆ. ಇದಕ್ಕೆ ಕಾರಣ ವೆಂಚುರಿಯಾ ಇನ್‌ಈಕ್ವಾಲಿಸ್ ಅನ್ನೋ ಶಿಲೀಂಧ್ರ.

ಇದರ ಜೀವನಚಕ್ರ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಚಳಿಗಾಲದಲ್ಲಿ ಈ ಶಿಲೀಂಧ್ರ ಇರೋದು ಮುಖ್ಯವಾಗಿ ಕೆಳಗೆ ಬಿದ್ದ ತರಗೆಲೆಯಲ್ಲಿ. ವಸಂತದಲ್ಲಿ ಮೊಗ್ಗು ಹಸಿರಾಗೋ ಹೊತ್ತಿಗೆ ಸರಿಯಾಗಿ ತರಗೆಲೆಯಲ್ಲಿರೋ ಬೀಜಕಣಗಳೂ ಬಲಿತಿರುತ್ತವೆ. ಮಳೆ ಬಿದ್ದ ಕೂಡಲೇ ಅವು ಗಾಳಿಗೆ ಚಿಮ್ಮಿ ಎಳೆ ಎಲೆ ಮೇಲೆ ಕೂರುತ್ತವೆ. ಎಲೆ ಒದ್ದೆಯಾಗೇ ಉಳಿದರೆ ಮಾತ್ರ ಮೊಳೆತು ಒಳಗೆ ಇಳಿಯುತ್ತವೆ. ಹವೆ ಹದವಾಗಿ ಬೆಚ್ಚಗಿದ್ದರೆ ಆರರಿಂದ ಒಂಬತ್ತು ಗಂಟೆ ಒದ್ದೆ ಇದ್ದರೂ ಸಾಕು. ಚಳಿ ಜಾಸ್ತಿ ಇದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಉಷ್ಣಾಂಶ ಎಷ್ಟಿದ್ದರೆ ಎಷ್ಟು ಗಂಟೆ ಒದ್ದೆ ಬೇಕು ಅನ್ನೋ ಲೆಕ್ಕವನ್ನ ಕಾರ್ನೆಲ್ ವಿಶ್ವವಿದ್ಯಾಲಯದ ಮಿಲ್ಸ್ ಅನ್ನೋರು 1940ರ ದಶಕದಲ್ಲಿ ಕೋಷ್ಟಕ ಮಾಡಿಟ್ಟರು. ಮುಂದೆ ಬಂದವರು ಅದನ್ನ ತಿದ್ದಿದ್ದಾರೆ, ಆದ್ರೆ ಬೆಳೆಗಾರರು ಇವತ್ತಿಗೂ ಅದರ ಆಧಾರದ ಮೇಲೆ ಔಷಧಿ ಹೊಡೆಯೋ ದಿನ ನಿರ್ಧರಿಸುತ್ತಾರೆ.

ಮಲೆನಾಡಿನವರಿಗೆ ಇದು ಹೊಸ ಮಾತಲ್ಲ. ಅಡಿಕೆಯ ಕೊಳೆರೋಗ ನೆನಪಿಸಿಕೊಳ್ಳಿ. ಅದನ್ನ ಮಾಡೋ ಜೀವಿ ಬೇರೆ, ಆದ್ರೆ ಸೂತ್ರ ಒಂದೇ: ಬಿಡದೆ ಸುರಿಯೋ ಮಳೆ, ಒಣಗದ ಗೊನೆ, ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ಹರಡೋದು. ಅಲ್ಲಿ ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೀತೀವಿ. ಮಳೆಗಾಲಕ್ಕೆ ಎರಡೋ ಮೂರೋ ಸಲ. ಅಮೆರಿಕದ ಪೂರ್ವ ಭಾಗದ ತೇವದ ಹವೆಯಲ್ಲಿ ಮಾಮೂಲಿ ಸೇಬಿನ ತಳಿ ಬೆಳೆಯೋ ವಾಣಿಜ್ಯ ತೋಟದವರು ಒಂದು ಹಂಗಾಮಿಗೆ ಹತ್ತಕ್ಕೂ ಹೆಚ್ಚು ಸಲ ಹೊಡೆಯೋದುಂಟು. ಹಿತ್ತಲಲ್ಲಿ ಎರಡು ಗಿಡ ಇಟ್ಟುಕೊಂಡವರು ಈ ಲೆಕ್ಕಕ್ಕೆ ಇಳಿದರೆ ಸೇಬು ತಿನ್ನೋ ಖುಷಿಯೇ ಉಳಿಯಲ್ಲ.

ಬಟಾಣಿ ಗಾತ್ರದ ಹಣ್ಣಿನಿಂದ ಬಂದ ಶಕ್ತಿ

ಈಗ ಪರಿಹಾರದ ಕತೆ. ಇದು ತುಂಬಾ ತಾಳ್ಮೆಯ ಕತೆ.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರ್ಯಾಂಡಲ್ ಅನ್ನೋ ವಿಜ್ಞಾನಿ ರೋಮ್ ಬ್ಯೂಟಿ ಅನ್ನೋ ಸೇಬನ್ನ ಮಾಲಸ್ ಫ್ಲೋರಿಬಂಡಾ ಅನ್ನೋ ಜಪಾನ್ ಮೂಲದ ಅಲಂಕಾರಿಕ ಸೇಬಿನ ಜೊತೆ ಸಂಕರ ಮಾಡಿದ್ದರು. ಆ ಅಲಂಕಾರಿಕ ಗಿಡದ ಹೂವು ಚಂದ, ಹಣ್ಣು ಮಾತ್ರ ಬಟಾಣಿ ಗಾತ್ರ, ತಿನ್ನೋಕೆ ಪ್ರಯೋಜನ ಇಲ್ಲ. ಆ ಸಂಕರದ ಗಿಡಗಳು ಹಾಗೇ ಉಳಿದವು. 1940ರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದ ಫ್ರೆಡ್ರಿಕ್ ಹಫ್ ಗಮನಿಸಿದ್ದು ಏನಂದ್ರೆ, ಸುತ್ತ ಎಲ್ಲ ಗಿಡಗಳಿಗೂ ಸ್ಕ್ಯಾಬ್ ಹತ್ತಿದ್ದಾಗ ಆ ಸಂತತಿಯ ಕೆಲವು ಗಿಡಗಳ ಎಲೆ ಮಾತ್ರ ಶುಭ್ರವಾಗಿತ್ತು.

ಅಲ್ಲಿಂದ ಕೆಲಸ ಶುರು. ಪರ್ಡ್ಯೂ, ರಟ್ಗರ್ಸ್, ಇಲಿನಾಯ್, ಈ ಮೂರು ವಿಶ್ವವಿದ್ಯಾಲಯಗಳು 1945ರಲ್ಲಿ ಒಟ್ಟಾಗಿ ಒಂದು ತಳಿ ಅಭಿವೃದ್ಧಿ ಕಾರ್ಯಕ್ರಮ ಮಾಡಿದವು. ಮೂರರ ಮೊದಲ ಅಕ್ಷರ ಸೇರಿಸಿ ಪಿಆರ್‌ಐ ಅಂತಾರೆ. ರಟ್ಗರ್ಸ್ ಇರೋದು ನ್ಯೂಜೆರ್ಸಿಯಲ್ಲೇ, ಅಲ್ಲಿನ ನಮ್ಮ ಕೇಳುಗರಿಗೆ ಇದು ಊರಿನ ಕತೆ ಕೂಡ.

ಕೆಲಸ ಏನು? ರೋಗ ತಡೆಯೋ ಆ ಒಂದು ಗುಣವನ್ನ ಉಳಿಸಿಕೊಂಡು, ಉಳಿದದ್ದೆಲ್ಲ ಒಳ್ಳೆ ಸೇಬಿನಂತೆ ಆಗಬೇಕು. ಅದಕ್ಕೆ ಪ್ರತಿ ತಲೆಮಾರಲ್ಲೂ ಮತ್ತೆ ಮತ್ತೆ ಒಳ್ಳೆ ಸೇಬಿನ ಜೊತೆಗೇ ಸಂಕರ ಮಾಡಬೇಕು. ಬೀಜ ಹಾಕಬೇಕು, ಸಸಿಗೆ ಬೇಕಂತಲೇ ರೋಗ ಹತ್ತಿಸಬೇಕು, ಬದುಕಿ ಶುಭ್ರವಾಗಿ ಉಳಿದದ್ದನ್ನ ಬೆಳೆಸಬೇಕು, ವರ್ಷಗಟ್ಟಲೆ ಕಾದು ಹಣ್ಣು ತಿಂದು ನೋಡಬೇಕು. ಹೀಗೆ ಕಾಲು ಶತಮಾನ ಕಳೆದ ಮೇಲೆ, 1970ರಲ್ಲಿ ಮೊದಲ ತಳಿ ಬಂತು. ಹೆಸರು ಪ್ರೈಮಾ. ಆಮೇಲೆ ಪ್ರಿಸಿಲ್ಲಾ, ವಿಲಿಯಮ್ಸ್ ಪ್ರೈಡ್, ಎಂಟರ್‌ಪ್ರೈಸ್, ಪ್ರಿಸ್ಟೀನ್. ಗಮನಿಸಿ, ಇಂಗ್ಲಿಷ್‌ನಲ್ಲಿ ಬರೆದರೆ ಈ ಎಲ್ಲ ಹೆಸರಿನ ಒಳಗೂ ಪಿ, ಆರ್, ಐ ಅಕ್ಷರ ಇವೆ. ಅದು ಕಾರ್ಯಕ್ರಮದ ಗುರುತು. ಹೆಸರಲ್ಲಿ ಗುರುತಿಲ್ಲದ ಗೋಲ್ಡ್‌ರಶ್ ಕೂಡ ಅಲ್ಲಿಂದಲೇ ಬಂದದ್ದು. ನ್ಯೂಯಾರ್ಕ್ ರಾಜ್ಯದ ಜಿನೀವಾದಲ್ಲಿರೋ ಕಾರ್ನೆಲ್‌ನ ಕೇಂದ್ರ ಇದೇ ಮೂಲದ ಗಿಡ ಬಳಸಿ 1978ರಲ್ಲಿ ಲಿಬರ್ಟಿ ಅನ್ನೋ ತಳಿ ಕೊಟ್ಟಿತು.

ಇಲ್ಲಿ ಒಂದು ಸ್ಪಷ್ಟನೆ. ಇವು ಪ್ರಯೋಗಾಲಯದಲ್ಲಿ ಜೀನ್ ತಿದ್ದಿ ಮಾಡಿದ ಕುಲಾಂತರಿ ತಳಿಗಳಲ್ಲ. ಹೂವಿನಿಂದ ಹೂವಿಗೆ ಪರಾಗ ಹಚ್ಚಿ ಮಾಡಿದ ಸಾಂಪ್ರದಾಯಿಕ ಸಂಕರ. ಹಾಗಾದ್ರೆ ತಡೆಯೋ ಶಕ್ತಿ ಹೇಗೆ ಕೆಲಸ ಮಾಡುತ್ತೆ? ಶಿಲೀಂಧ್ರ ಎಲೆಯೊಳಗೆ ಇಳಿಯೋಕೆ ನೋಡಿದಾಗ ಗಿಡ ಅದನ್ನ ಗುರುತು ಹಿಡಿಯುತ್ತೆ. ಆ ಜಾಗದ ಕೆಲವೇ ಜೀವಕೋಶಗಳು ತಾವಾಗಿ ಸತ್ತು ದಾರಿ ಮುಚ್ಚುತ್ತವೆ. ಸೂಜಿಮೊನೆಯಷ್ಟು ಚುಕ್ಕೆ ಬಿಟ್ಟರೆ ಏನೂ ಕಾಣಲ್ಲ.

‘ರೋಗನಿರೋಧಕ’ ಅಂತ ಚೀಟಿ ಇದೆ. ಯಾವ ರೋಗಕ್ಕೆ?

ಇವತ್ತಿನ ಸಂಚಿಕೆಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದ್ರೆ ಈ ಪ್ರಶ್ನೆ ನೆನಪಿಟ್ಟುಕೊಳ್ಳಿ. ನರ್ಸರಿಯಲ್ಲಿ ಗಿಡಕ್ಕೆ ‘ರೋಗನಿರೋಧಕ’ ಅಂತ ಚೀಟಿ ಕಟ್ಟಿರುತ್ತಾರೆ. ಯಾವ ರೋಗಕ್ಕೆ ಅಂತ ಕೇಳಿ. ಯಾಕಂದ್ರೆ ಸೇಬಿಗೆ ಅಲ್ಲಿ ಮುಖ್ಯವಾಗಿ ನಾಲ್ಕು ಶತ್ರುಗಳು: ಸ್ಕ್ಯಾಬ್, ಸೀಡರ್ ತುಕ್ಕು ರೋಗ, ಬೂದಿ ರೋಗ, ಮತ್ತೆ ಬೆಂಕಿ ರೋಗ, ಅಂದ್ರೆ ಫೈರ್ ಬ್ಲೈಟ್. ಸ್ಕ್ಯಾಬ್ ತಡೆಯೋ ಗಿಡ ಉಳಿದ ಮೂರನ್ನೂ ತಡೆಯುತ್ತೆ ಅಂತೇನಿಲ್ಲ.

ಸೀಡರ್ ತುಕ್ಕು ರೋಗ ನೋಡಿ. ಈ ಶಿಲೀಂಧ್ರಕ್ಕೆ ಬದುಕೋಕೆ ಎರಡು ಗಿಡ ಬೇಕು. ಅರ್ಧ ಆಯಸ್ಸು ಕೆಂಪು ಸೀಡರ್ ಅಂತ ಕರೆಯೋ ಜುನಿಪರ್ ಮರದಲ್ಲಿ, ಇನ್ನರ್ಧ ಸೇಬಿನಲ್ಲಿ. ವಸಂತದ ಮಳೆಗೆ ಜುನಿಪರ್ ಮೇಲಿನ ಗಂಟುಗಳಿಂದ ಕಿತ್ತಳೆ ಬಣ್ಣದ ಲೋಳೆ ಕೊಂಬುಗಳು ಹೊರಡುತ್ತವೆ. ಅಲ್ಲಿಂದ ಹಾರಿದ ಬೀಜಕಣ ಸೇಬಿನ ಎಲೆಯಲ್ಲಿ ಹಳದಿ-ಕಿತ್ತಳೆ ಚುಕ್ಕೆ ಮಾಡುತ್ತೆ. ನಿಮ್ಮ ಹಿತ್ತಲಲ್ಲಿ ಜುನಿಪರ್ ಇಲ್ಲದಿದ್ದರೂ ಪಕ್ಕದ ಮನೆಯ ಬೇಲಿಯಲ್ಲಿ ಇದ್ದರೆ ಆಯ್ತು.

ಬೆಂಕಿ ರೋಗ ಎಲ್ಲಕ್ಕಿಂತ ಅಪಾಯದ್ದು. ಇದು ಶಿಲೀಂಧ್ರ ಅಲ್ಲ, ಬ್ಯಾಕ್ಟೀರಿಯಾ. ಹೂವಿನ ಕಾಲದಲ್ಲಿ ಜೇನುನೊಣ, ಮಳೆಹನಿ ಹೊತ್ತು ಹರಡುತ್ತವೆ. ಚಿಗುರಿನ ತುದಿ ಸುಟ್ಟ ಹಾಗೆ ಕಪ್ಪಾಗಿ ಕೋಲಿನ ಹಿಡಿಕೆಯಂತೆ ಬಾಗುತ್ತೆ. ಸ್ಕ್ಯಾಬ್ ಹಣ್ಣು ಕೆಡಿಸುತ್ತೆ, ಇದು ಮರವನ್ನೇ ಕೊಲ್ಲಬಹುದು.

ಈಗ ತಳಿಗಳ ಲೆಕ್ಕ ನೋಡೋಣ.

ಲಿಬರ್ಟಿ: ಸ್ಕ್ಯಾಬ್‌ಗೆ, ಸೀಡರ್ ತುಕ್ಕಿಗೆ ಒಳ್ಳೆ ತಡೆ. ಬೆಂಕಿ ರೋಗವನ್ನೂ ಚೆನ್ನಾಗೇ ತಾಳಿಕೊಳ್ಳುತ್ತೆ. ಮೊದಲ ಸಲ ನೆಡೋರಿಗೆ ಹೇಳಿ ಮಾಡಿಸಿದ್ದು.

ಎಂಟರ್‌ಪ್ರೈಸ್: ಸ್ಕ್ಯಾಬ್, ತುಕ್ಕು, ಬೆಂಕಿ ರೋಗ ಮೂರಕ್ಕೂ ಗಟ್ಟಿ. ತಡವಾಗಿ, ಅಕ್ಟೋಬರ್ ಹೊತ್ತಿಗೆ ಹಣ್ಣಾಗುತ್ತೆ. ಸಿಪ್ಪೆ ಸ್ವಲ್ಪ ದಪ್ಪ, ಕೆಲವರಿಗೆ ಅದು ಇಷ್ಟ ಆಗಲ್ಲ.

ಗೋಲ್ಡ್‌ರಶ್: ರುಚಿಯಲ್ಲಿ ಬಹಳ ಜನರ ಮೆಚ್ಚಿನದ್ದು. ಹುಳಿ-ಸಿಹಿ, ಫ್ರಿಜ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತೆ, ಇಟ್ಟಷ್ಟೂ ರುಚಿ ಏರುತ್ತೆ. ಸ್ಕ್ಯಾಬ್ ತಡೆಯುತ್ತೆ. ಆದ್ರೆ ಸೀಡರ್ ತುಕ್ಕಿಗೆ ಸುಲಭವಾಗಿ ತುತ್ತಾಗುತ್ತೆ. ಹತ್ತಿರದಲ್ಲಿ ಜುನಿಪರ್ ಇರೋರು ಎರಡು ಸಲ ಯೋಚನೆ ಮಾಡಿ.

ಪ್ರಿಸ್ಟೀನ್: ಬೇಸಿಗೆಯಲ್ಲೇ, ಜುಲೈ ಹೊತ್ತಿಗೆ ಬರೋ ಹಳದಿ ಹಣ್ಣು. ಸ್ಕ್ಯಾಬ್, ಬೂದಿ ರೋಗ ತಡೆಯುತ್ತೆ. ಬಹಳ ದಿನ ಇಡೋಕಾಗಲ್ಲ.

ಇನ್ನು ಅಂಗಡಿಯಲ್ಲಿ ತಿಂದು ಇಷ್ಟಪಟ್ಟು ಅದನ್ನೇ ನೆಡೋ ಹಣ್ಣುಗಳು. ಗಾಲಾ ಸ್ಕ್ಯಾಬ್‌ಗೂ ತುತ್ತು, ಬೆಂಕಿ ರೋಗಕ್ಕೂ ತುತ್ತು. ಫ್ಯೂಜಿಗೆ ಬೆಂಕಿ ರೋಗದ ಕಾಟ. ಮ್ಯಾಕಿಂತಾಶ್ ಅಂತೂ ಸ್ಕ್ಯಾಬ್‌ಗೆ ಕರೆದು ಊಟ ಹಾಕೋ ತಳಿ. ಅಂಗಡಿ ಹಣ್ಣು ಚೆಂದ ಕಾಣೋದು ಅದರ ಹಿಂದೆ ಅಷ್ಟು ಸಲ ಔಷಧಿ ಬಿದ್ದಿರೋದರಿಂದ, ತಳಿಯ ಗಟ್ಟಿತನದಿಂದ ಅಲ್ಲ.

ಗಿಡದ ಕೆಳಗಿನ ಅರ್ಧ

ಸೇಬಿನ ಗಿಡ ಯಾವಾಗಲೂ ಎರಡು ಗಿಡ. ಮೇಲೆ ಹಣ್ಣು ಕೊಡೋ ತಳಿ, ಕೆಳಗೆ ರೂಟ್‌ಸ್ಟಾಕ್, ಅಂದ್ರೆ ಕಸಿಯ ಬುಡ. ಮರ ಎಷ್ಟು ಎತ್ತರ ಆಗುತ್ತೆ ಅನ್ನೋದನ್ನ ಬಹುಮಟ್ಟಿಗೆ ನಿರ್ಧರಿಸೋದು ಬುಡ. ಗಿಡ್ಡ ಮರಕ್ಕೆ ಹೆಸರಾದ ಎಂ.9, ಎಂ.26 ಎರಡೂ ಬೆಂಕಿ ರೋಗಕ್ಕೆ ಬಹಳ ಸೂಕ್ಷ್ಮ. ಮೇಲಿನ ತಳಿ ಎಷ್ಟೇ ಗಟ್ಟಿ ಇರಲಿ, ಬುಡಕ್ಕೆ ರೋಗ ಇಳಿದರೆ ಮರ ಹೋದಂಗೆ. ಅದಕ್ಕಂತಲೇ ಜಿನೀವಾ ಕೇಂದ್ರದವರು ಬೆಂಕಿ ರೋಗ ತಾಳೋ ಬುಡಗಳನ್ನ ಅಭಿವೃದ್ಧಿ ಮಾಡಿದ್ದಾರೆ: ಜಿ.41, ಜಿ.16, ಜಿ.935 ಇತ್ಯಾದಿ. ಚೀಟಿಯಲ್ಲಿ ‘ಅರೆ-ಗಿಡ್ಡ’ ಅಂತಷ್ಟೇ ಬರೆದಿದ್ದು ಬುಡದ ಹೆಸರೇ ಇಲ್ಲ ಅಂದ್ರೆ, ಹೆಸರು ಹೇಳೋ ನರ್ಸರಿ ಹುಡುಕಿ.

ನೆಡುವಾಗ ಕಸಿಯ ಗಂಟು ಮಣ್ಣಿನಿಂದ ನಾಲ್ಕೈದು ಬೆರಳಾದರೂ ಮೇಲೆ ಇರಬೇಕು. ಮಣ್ಣೊಳಗೆ ಹೋದರೆ ಮೇಲಿನ ತಳಿಯೇ ಬೇರು ಬಿಟ್ಟು ಮರ ದೊಡ್ಡದಾಗಿಬಿಡುತ್ತೆ. ಜಿ.41ರಂಥ ಗಿಡ್ಡ ಬುಡಕ್ಕೆ ಕೊನೆವರೆಗೂ ಗೂಟದ ಆಸರೆ ಬೇಕು. ಜಿಂಕೆ, ಮೊಲದ ಕಾಟ ಇರೋ ಕಡೆ ಸುತ್ತ ಜಾಲರಿ. ದಿನಕ್ಕೆ ಆರೆಂಟು ಗಂಟೆ ಬಿಸಿಲು ಬೀಳೋ ಜಾಗ. ಒಂದೇ ತಳಿಯ ಎರಡು ಗಿಡ ನೆಟ್ಟರೆ ಕಾಯಿ ಕಚ್ಚಲ್ಲ. ಒಂದೇ ಹೊತ್ತಿಗೆ ಹೂ ಬಿಡೋ ಎರಡು ಬೇರೆ ತಳಿ ಇರಬೇಕು.

ಹಾಗಾದ್ರೆ ಇರೋ ಗಿಡ ಕಡಿಯೋದಾ?

ಬಹಳ ಸಲ ಬೇಡ. ಬೇರು ಮತ್ತು ಕಾಂಡ ಆರೋಗ್ಯವಾಗಿದ್ದು, ತೊಂದರೆ ಬರೀ ಸ್ಕ್ಯಾಬ್ ಆಗಿದ್ದರೆ, ಅದೇ ಮರದ ಮೇಲೆ ಬೇರೆ ತಳಿ ಕಸಿ ಕಟ್ಟಬಹುದು. ನಮ್ಮೂರಲ್ಲಿ ಕಾಟು ಮಾವಿನ ಮರಕ್ಕೆ ಒಳ್ಳೆ ಜಾತಿ ಕಸಿ ಕಟ್ಟೋ ಹಾಗೇ. ಚಳಿಗಾಲದಲ್ಲಿ, ಗಿಡ ನಿದ್ದೆಯಲ್ಲಿದ್ದಾಗ ಕಸಿಕಡ್ಡಿ ತೆಗೆದು ಒದ್ದೆ ಕಾಗದ ಸುತ್ತಿ ಫ್ರಿಜ್‌ನಲ್ಲಿಡೋದು, ವಸಂತದಲ್ಲಿ ಮೊಗ್ಗು ಒಡೆಯೋ ಹೊತ್ತಿಗೆ ಕೊಂಬೆ ಸೀಳಿ ಕಟ್ಟೋದು. ಎರಡು ಮೂರು ವರ್ಷದಲ್ಲಿ ಹಣ್ಣು. ಒಂದೇ ಮರಕ್ಕೆ ಎರಡು ತಳಿ ಕಟ್ಟಿದರೆ ಪರಾಗಸ್ಪರ್ಶದ ಚಿಂತೆಯೂ ತೀರುತ್ತೆ. ಆದ್ರೆ ಬೆಂಕಿ ರೋಗ ಕಾಂಡಕ್ಕೆ ಇಳಿದಿರೋ ಮರ ಆದ್ರೆ ಮೋಹ ಬೇಡ, ತೆಗೆದುಬಿಡಿ. ಅದು ಪಕ್ಕದ ಗಿಡಕ್ಕೂ ಕುತ್ತು.

ಬರೀ ಚಿಗುರಿಗೆ ಬಂದಿದ್ದರೆ, ಒಣ ಹವೆ ನೋಡಿಕೊಂಡು, ಕಪ್ಪಾದ ಭಾಗಕ್ಕಿಂತ ಒಂದು ಅಡಿಯಷ್ಟು ಕೆಳಗೆ ಕತ್ತರಿಸಿ ಹೊರಗೆ ಹಾಕಿ. ಗಿಡ ಸೊರಗಿದೆ ಅಂತ ಸಾರಜನಕದ ಗೊಬ್ಬರ ಸುರಿಯಬೇಡಿ. ರಸಭರಿತ ಎಳೆ ಚಿಗುರು ಅಂದ್ರೆ ಈ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ.

ತಳಿ ಮಾಡದ ಕೆಲಸ

ರೋಗ ತಡೆಯೋ ತಳಿ ಹುಳ ತಡೆಯಲ್ಲ. ಕಾಡ್ಲಿಂಗ್ ಪತಂಗದ ಮರಿ ಲಿಬರ್ಟಿಯನ್ನೂ ಕೊರೆಯುತ್ತೆ. ಇದಕ್ಕೆ ಹಿತ್ತಲಿನ ಉಪಾಯ ಚೀಲ ಕಟ್ಟೋದು. ಒಂದು ಗೊಂಚಲಲ್ಲಿ ಒಂದೇ ಕಾಯಿ ಉಳಿಸಿ, ಅದು ಗೋಲಿ ಗಾತ್ರ ಆದಾಗ ಕಾಗದದ ಚೀಲ ಹಾಕಿ ಕಟ್ಟೋದು. ಮಲೆನಾಡಲ್ಲಿ ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿದ ಅನುಭವ ಇರೋರಿಗೆ ಇದು ಮಕ್ಕಳಾಟ, ಇಲ್ಲಿ ಮರ ಹತ್ತೋ ಕಷ್ಟ ಕೂಡ ಇಲ್ಲ. ಬೇಸಿಗೆ ಕೊನೆಗೆ ಸಿಪ್ಪೆ ಮೇಲೆ ಮಸಿ ಬಳಿದ ಹಾಗೆ ಕಾಣೋ ಕಲೆ ಬಂದರೆ ಹೆದರಬೇಡಿ. ಅದು ಮೇಲ್ಮೈಯಲ್ಲಿ ಮಾತ್ರ. ಉಜ್ಜಿ ತೊಳೆದು ತಿನ್ನಬಹುದು.

ಎರಡನೇ ಎಚ್ಚರಿಕೆ ದೊಡ್ಡದು. ನಾನು ಹೇಳಿದ ಹೆಚ್ಚಿನ ತಳಿಗಳ ಸ್ಕ್ಯಾಬ್ ತಡೆ ಒಂದೇ ಜೀನ್ ಮೇಲೆ ನಿಂತಿದೆ. ಮೊದಲು ಅದನ್ನ ವಿಎಫ್ ಅಂತಿದ್ದರು, ಈಗ ಆರ್‌ವಿಐ6. ಒಂದೇ ಬೀಗ ಆದ್ರೆ ಶಿಲೀಂಧ್ರ ಯಾವತ್ತೋ ಒಂದು ದಿನ ಕೀಲಿ ಮಾಡಿಕೊಳ್ಳುತ್ತೆ. ಯುರೋಪಿನಲ್ಲಿ ಅದು ಆಗಿದೆ. ಜರ್ಮನಿಯ ಆರೆನ್ಸ್‌ಬರ್ಗ್‌ನಲ್ಲಿ ಈ ಬೀಗ ಮುರಿದ ಸ್ಕ್ಯಾಬ್ ಬಗೆಯೊಂದು ಸಿಕ್ಕಿದ್ದನ್ನ 1993ರಲ್ಲಿ ವರದಿ ಮಾಡಿದರು.

ಕರ್ನಾಟಕದ ಕಾಫಿ ಬೆಳೆಗಾರರಿಗೆ ಈ ಪಾಠ ನೂರು ವರ್ಷ ಹಳೇದು. ಎಲೆ ತುಕ್ಕು ರೋಗ ತಡೆಯುತ್ತೆ ಅಂತ ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ತೋಟದಲ್ಲಿ ಆರಿಸಿದ ಕೆಂಟ್ಸ್ ಕಾಫಿ ಎಲ್ಲೆಡೆ ಹಬ್ಬಿತು. ಕೆಲವು ವರ್ಷಕ್ಕೆ ತುಕ್ಕು ರೋಗದ ಹೊಸ ಬಗೆ ಬಂದು ಅದನ್ನೂ ಹಿಡಿಯಿತು. ಆಮೇಲೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಅದೇ ಕೆಂಟ್ಸ್‌ಗೆ ಬೇರೆ ಮೂಲದ ತಡೆಶಕ್ತಿ ಸೇರಿಸಿ ಎಸ್.795 ತಳಿ ಮಾಡಿತು.

ಹಾಗಾಗಿ ಗಟ್ಟಿ ತಳಿ ಇದ್ದರೂ ಶರತ್ಕಾಲದಲ್ಲಿ ತರಗೆಲೆ ಗುಡಿಸಿ ತೆಗೆಯಿರಿ, ಇಲ್ಲಾ ಹುಲ್ಲು ಕತ್ತರಿಸೋ ಯಂತ್ರ ಓಡಿಸಿ ಪುಡಿ ಮಾಡಿ. ಬೀಜಕಣ ಕಡಿಮೆ ಇದ್ದಷ್ಟೂ ಹೊಸ ಬಗೆ ಹುಟ್ಟೋ ಅವಕಾಶ ಕಡಿಮೆ. ಚಳಿಗಾಲದ ಕೊನೆಗೆ ಕೊಂಬೆ ಸವರಿ ಗಾಳಿ ಆಡೋ ಹಾಗೆ ಮಾಡಿ. ಎಲೆ ಬೇಗ ಒಣಗಿದರೆ ಆ ಆರು, ಒಂಬತ್ತು ಗಂಟೆಯ ಲೆಕ್ಕ ಶಿಲೀಂಧ್ರಕ್ಕೆ ಸಿಗಲ್ಲ.

ನಮ್ಮ ದೇಶದಲ್ಲಿ

ಭಾರತಕ್ಕೂ ಈ ರೋಗ ಹೊಸದಲ್ಲ. ಕಾಶ್ಮೀರದಲ್ಲಿ ಇದು ದಾಖಲಾಗಿದ್ದು 1935ರಲ್ಲಿ, ಅಲ್ಲಿನ ಹೆಸರಾಂತ ಅಂಬ್ರಿ ಸೇಬಿನ ಮೇಲೆ. 1973ರಲ್ಲಿ ಕಾಶ್ಮೀರದಲ್ಲಿ, 1983ರಲ್ಲಿ ಹಿಮಾಚಲದಲ್ಲಿ ಸ್ಕ್ಯಾಬ್ ಸಾಂಕ್ರಾಮಿಕವಾಗಿ ಹಬ್ಬಿ ಬೆಳೆಗಾರರು ಕಂಗಾಲಾದರು. ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯ ಫಿರ್ದೌಸ್, ಶಿರೀನ್ ಅನ್ನೋ ಸ್ಕ್ಯಾಬ್ ನಿರೋಧಕ ತಳಿಗಳನ್ನ ಕೊಟ್ಟಿದೆ. ಆದ್ರೆ ಅಲ್ಲಿ ಈಗ ಮಾರ್ಸೋನಿನಾ ಅನ್ನೋ ಇನ್ನೊಂದು ಶಿಲೀಂಧ್ರದ ಕಾಟವೂ ಇದೆ, ಹೊತ್ತಿಗೆ ಮುಂಚೆ ಎಲೆ ಉದುರಿಸುತ್ತೆ. ಮತ್ತೆ ಅದೇ ಪ್ರಶ್ನೆ: ಯಾವ ರೋಗಕ್ಕೆ?

ಕರ್ನಾಟಕದ ಕೇಳುಗರು ಕೇಳೋದು ಎಚ್‌ಆರ್‌ಎಂಎನ್-99 ಬಗ್ಗೆ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಕಂಡುಹಿಡಿದ ತಳಿ, ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇದರ ಹೆಗ್ಗಳಿಕೆ ಕಡಿಮೆ ಚಳಿ ಸಾಕು ಅನ್ನೋದು. ಡೆಲಿಷಿಯಸ್ ಜಾತಿಯ ಸೇಬಿಗೆ ಚಳಿಗಾಲದಲ್ಲಿ ಸಾವಿರ ಗಂಟೆಯಷ್ಟು 7 ಡಿಗ್ರಿಗಿಂತ ಕೆಳಗಿನ ಚಳಿ ಬೇಕು, ನಮ್ಮಲ್ಲಿ ಅದು ಸಿಗಲ್ಲ. ಚಳಿಯ ಲೆಕ್ಕ ಬೇರೆ, ರೋಗದ ಲೆಕ್ಕ ಬೇರೆ. ಎರಡನ್ನೂ ಒಂದೇ ಚೀಟಿಯಲ್ಲಿ ಓದಬೇಡಿ.

ಹಾಗೇ, ಅಮೆರಿಕದಿಂದ ಊರಿಗೆ ಬರುವಾಗ ಲಿಬರ್ಟಿಯ ಕಸಿಕಡ್ಡಿ ಬ್ಯಾಗಲ್ಲಿ ಹಾಕಿಕೊಂಡು ಬರಬೇಡಿ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರೋದು ಕಾನೂನಿಗೆ ವಿರುದ್ಧ. ಜೊತೆಗೆ ಅದು ಕಡ್ಡಿಯ ಜೊತೆ ಏನೇನು ಹೊತ್ತು ತರುತ್ತೆ ಅಂತ ಕಣ್ಣಿಗೆ ಕಾಣಲ್ಲ.

ಕೊನೆಗೆ, ಈ ಚಳಿಗಾಲದಲ್ಲಿ ಗಿಡ ಕೊಳ್ಳೋರಿಗೆ ಮೂರು ಪ್ರಶ್ನೆ. ಯಾವ ರೋಗಕ್ಕೆ ನಿರೋಧಕ? ಕೆಳಗಿನ ಬುಡ ಯಾವುದು? ಪರಾಗಕ್ಕೆ ಜೊತೆಗಾರ ಯಾರು? ಮೂರಕ್ಕೂ ಉತ್ತರ ಸಿಕ್ಕಿದರೆ ನೆಡಿ. ಸಿಗದಿದ್ದರೆ ಒಂದು ವರ್ಷ ತಡ ಆದರೂ ಪರವಾಗಿಲ್ಲ. ಮೂವತ್ತು ವರ್ಷ ನಿಲ್ಲೋ ಮರಕ್ಕೆ ಒಂದು ವರ್ಷ ಏನು ಮಹಾ.

ಪ್ರಶ್ನೆ ಇದ್ದರೆ ಎಲೆಯ ಎರಡೂ ಬದಿಯ ಫೋಟೊ ಸಮೇತ ಕಳಿಸಿ.